ಮಹಾಸತ್ತಾ ಎನ್ನಲೊಲ್ಲದ ಸರಪಂಚರ ಊರಿಗೆ

ಆಗಸ್ಟ್ ಹದಿಮೂರರ ಬೆಳಗ್ಗೆ ಏಳೂವರೆಗೆ ವಿಜಯಪುರದ ನಿಲ್ದಾಣದಲ್ಲಿ ಜತ್ತದ ಬಸ್ಸು ಹತ್ತಿದೆ. ಅದು ಮಹಾರಾಷ್ಟ್ರದ ಬಸ್ಸು. ನಮ್ಮ ರಾಜ್ಯದೊಳಗಿನ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ಅವರ ಬಸ್ಸಿನಲ್ಲಿ ಅವರ ಗಡಿಯೊಳಗೆ ಅರ್ಧ. ಕಂಡಕ್ಟರ್ ಲೆಕ್ಕ ಹಾಕಿ, ಗಡಿಯವರೆಗೆ ಪೂರ್ತಿ, ಅಲ್ಲಿಂದ ಮುಂದೆ ಅರ್ಧ ಎಂದು ಟಿಕೆಟ್ ಹರಿದುಕೊಟ್ಟ. "ಗಡಿ ದಾಟಿದ ಮ್ಯಾಲ ನೀವು ಅರ್ಧಾ ಆಗ್ತೀರಿ ಬಾಯಾರ" ಎಂದು ನಕ್ಕ. ಆಡುವವರ ಬಾಯಿಗೆ ಅಡ್ಡ ಬಂದವರಾರು ಎಂದುಕೊಂಡು ನಾನೂ ನಕ್ಕೆ.

ಎಪ್ಪತ್ತರ ಆಸುಪಾಸು ಕಿಲೋಮೀಟರಿನ ದಾರಿ. ತಿಕೋಟ ದಾಟುವವರೆಗೆ ಹನಿ ಹನಿ ಮಳೆ ಇತ್ತು, ಆಮೇಲೆ ಬರೀ ಮೋಡ, ಗಾಳಿ. ಪಕ್ಕದಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ ಶೇಗಾಂವದ ಒಬ್ಬ ವ್ಯಾಪಾರಿ ಕುಳಿತಿದ್ದರು. ಒಣದ್ರಾಕ್ಷಿಯ ವ್ಯಾಪಾರ. ನಾನು ಪತ್ರಿಕೆ ಬಿಚ್ಚಿ, ದೊಡ್ಡ ರಾಷ್ಟ್ರಗಳ ನಡುವೆ ಭಾರತದ ಸ್ಥಾನ ಎಂಥದು ಎಂಬ ಲೇಖನ ಓದುತ್ತಿದ್ದೆ. ಅವರು ಕತ್ತು ಚಾಚಿ ಇಣುಕಿದರು.

"ಏನ ಬರದಾರ್ರಿ?"

"ಅಮೇರಿಕಾ, ಚೀನಾ, ನಾವು. ಯಾರು ಮುಂದೆ, ಯಾರು ಹಿಂದೆ ಅಂತ."

"ಅದಕ್ಕ ಪೇಪರ್ ಯಾಕ ಬೇಕ್ರಿ? ಚೀನಾದ ಮಾಲ ಸೋವಿಲೆ ಬಂತಂದ್ರ ನಮ್ಮ ಒಣದ್ರಾಕ್ಷಿ ಭಾವ ಇಳೀತೈತಿ. ಅಲ್ಲಿ ಯಾರರೆ ಕೆಮ್ಮಿದ್ರ ನಮಗ ಇಲ್ಲಿ ನೆಗಡಿ. ಆದ್ರೂ ನಮ್ಮ ಮಾಲ ಚಲೋ ಐತ್ರಿ, ತಿಂದ ನೋಡ್ರಿ." ಚೀಲದಿಂದ ಒಂದು ಹಿಡಿ ತೆಗೆದು ನನ್ನ ಲೇಖನದ ಮೇಲೆಯೇ ಸುರಿದರು. ಮಾಲು ನಿಜಕ್ಕೂ ಚೆನ್ನಾಗಿತ್ತು. ಲೇಖನ ಅರ್ಧಕ್ಕೇ ನಿಂತಿತು.

ನಾನು ಹೊರಟಿದ್ದ ಕಾರಣವನ್ನು ಈಗಲೇ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮಕ್ಕಳನ್ನು ಭಾಷಣ ಸ್ಪರ್ಧೆಗೆ ತಯಾರು ಮಾಡುವುದರಲ್ಲಿ ನನ್ನದು ಎತ್ತಿದ ಕೈ ಎಂದು ಜನ ಹೇಳುತ್ತಿದ್ದರು, ನಾನೂ ನಂಬಿದ್ದೆ. ನನ್ನ ಹಳೆಯ ವಿದ್ಯಾರ್ಥಿ ಗುರುಪಾದ ಈಗ ಜತ್ತ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರ. ಅವನು ಫೋನು ಮಾಡಿದ್ದ.

"ಅಕ್ಕಾರ, ನಮ್ಮೂರ ಸರಪಂಚಬಾಯಿ ಹದಿನೈದಕ್ಕ ಝೆಂಡಾದ ಕೆಳಗ ಭಾಷಣಾ ಮಾಡಬೇಕ್ರಿ. ನಾಕ ವರ್ಷ ಆಕಿ ಗಂಡನ ಓದ್ಯಾನ. ಈ ಸಲ ತಾಲೂಕಿನ ಸಾಹೇಬ್ರು ಬರ್ತಾರ, ಬಾಯಿನ ಮಾತಾಡಬೇಕು ಅಂದಾರ. ಮುಂದಿನ ಇಲೆಕ್ಷನ್ನಿಗೆ ನಮ್ಮೂರ ಸೀಟು ಹೆಣ್ಮಕ್ಕಳಿಗೆ ಇರಂಗಿಲ್ಲಂತ. ಇದ ಕಡೀ ಝೆಂಡಾ. ಈಗ ಬಾಯಿ ಬಿಡಲಿಲ್ಲಂದ್ರ ಮತ್ತ ಯಾವಾಗರಿ? ಎರಡ ದಿನಾ ಬಂದು ಕಲಸ್ರಿ."

ಕಲಿಸು ಎಂದರೆ ಸಾಕು, ನಿವೃತ್ತ ಶಿಕ್ಷಕಿಯ ಚೀಲ ತಾನಾಗಿಯೇ ತುಂಬುತ್ತದೆ.

ಜತ್ತದ ನಿಲ್ದಾಣದಲ್ಲಿ ಒಂದೂವರೆ ಗಂಟೆ ಕಾದೆ. ಭಜಿ, ಪಾವು, ತೀರಾ ಸಿಹಿಯಾದ ಚಹಾ. ಹಲಗೆಗಳೆಲ್ಲ ಮರಾಠಿಯಲ್ಲಿ, ಮಾತು ಅರ್ಧಕ್ಕರ್ಧ ಕನ್ನಡದಲ್ಲಿ. ಕ್ಯಾಂಟೀನಿನವನು ಗಿರಾಕಿಗೆ ಮರಾಠಿಯಲ್ಲಿ ಬಿಲ್ಲು ಹೇಳಿ, ಒಳಗಿನ ಹುಡುಗಿಗೆ ಕನ್ನಡದಲ್ಲಿ ಬೈಯುತ್ತಿದ್ದ. ಹನ್ನೊಂದರ ಬಸ್ಸು ಸೋನ್ಯಾಳಕ್ಕೆ ಬಿಟ್ಟಿತು. ಅಲ್ಲಿ ಗುರುಪಾದ ಮೋಟರ್‌ಸೈಕಲ್ಲಿನೊಂದಿಗೆ ನಿಂತಿದ್ದ. ಅವನಿಗೂ ಕೂದಲು ಬೆಳ್ಳಗಾಗಿದ್ದು ನೋಡಿ ನನ್ನ ವಯಸ್ಸು ನನಗೆ ನೆನಪಾಯಿತು.

ಅಲ್ಲಿಂದ ಐದಾರು ಕಿಲೋಮೀಟರ್ ಒಳಗೆ ಆ ಊರು. ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಸಜ್ಜೆ ಮೊಣಕಾಲೆತ್ತರ ನಿಂತಿತ್ತು. ದಾಳಿಂಬೆಯ ತೋಟ ಅಲ್ಲೊಂದು ಇಲ್ಲೊಂದು, ದಿನ್ನೆಯ ಮೇಲೆ ವಿದ್ಯುತ್ತಿನ ಗಾಳಿಯಂತ್ರಗಳು. ಮನೆ ಮನೆಗೆ ನಲ್ಲಿ, ಶೌಚಾಲಯ, ಗ್ಯಾಸಿನ ಸಿಲಿಂಡರು ಕಂಡವು. ಪಂಚಾಯಿತಿಯ ಎದುರು ದೊಡ್ಡದೊಂದು ತಗಡಿನ ಸಭಾಮಂಟಪ. ಅದರ ಪಕ್ಕದಲ್ಲಿ ಹಳದಿ ಬಣ್ಣದ ಹೊಸ ದವಾಖಾನೆ, ಬಾಗಿಲಿಗೆ ಬೀಗ. ಬೀಗಕ್ಕೆ ತುಕ್ಕು ಹಿಡಿದಿತ್ತು, ಕಟ್ಟಡದ ಬಣ್ಣ ಮಾತ್ರ ಇನ್ನೂ ಹೊಸದಾಗಿತ್ತು.

"ನರ್ಸ್ ಬಾಯಿ ಇಲ್ಲೇನೋ?" ಎಂದೆ.

"ಕಟ್ಟಡ ಬಂದೈತ್ರಿ, ನರ್ಸ್ ಬಂದಿಲ್ಲ. ಬಸುರಿ ಹೆಣ್ಮಕ್ಕಳನ್ನ ಜೀಪಿನ್ಯಾಗ ಜತ್ತಕ್ಕ ಒಯ್ತಾರ. ಎರಡು ಕೂಸು ದಾರ್‍ಯಾಗ ಹುಟ್ಟ್ಯಾವ."

ಸರಪಂಚರ ಹೆಸರು ಮಾಯವ್ವ. ನಲವತ್ತರ ಹತ್ತಿರದ ಕುರುಬರ ಹೆಣ್ಣುಮಗಳು. ನಾವು ಹೋದಾಗ ಹಟ್ಟಿಯಲ್ಲಿ ಕುರಿಮರಿಯ ಕಾಲಿಗೆ ಔಷಧ ಹಚ್ಚುತ್ತಿದ್ದಳು. "ಬರ್ರಿ ಅಕ್ಕಾರ, ಕುಂದ್ರಿ" ಎಂದು ಕಂಬಳಿ ಹಾಸಿದಳು. ಅವಳ ಗಂಡ ಬೀರಪ್ಪ ಓಡಿ ಬಂದು ನೀರು ಕೊಟ್ಟ. ಸಭ್ಯ ಮನುಷ್ಯ, ನಗುಮುಖ. ಬಿಳಿ ಅಂಗಿಯ ಜೇಬಿನ ತಳದಲ್ಲಿ ದೊಡ್ಡದೊಂದು ನೇರಳೆ ಕಲೆ. ಅದೇನೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಒಬ್ಬಾತ ರಹವಾಸಿ ದಾಖಲೆಗೆಂದು, ಅಂದರೆ ಇದೇ ಊರಿನವನೆಂಬ ಪತ್ರಕ್ಕೆಂದು ಬಂದ. ಮಾಯವ್ವ ಔಷಧದ ಕೈ ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದಳು. ಬೀರಪ್ಪ ಜೇಬಿನಿಂದ ಶಾಯಿ ಮೆತ್ತಿದ ಸರಪಂಚರ ಶಿಕ್ಕಾ, ಅಂದರೆ ಮೊಹರು, ತೆಗೆದು, ಹಾ ಎಂದು ಉಸಿರೂದಿ, ಠಪ್ಪೆಂದು ಒತ್ತಿದ. ಮತ್ತೆ ಜೇಬಿಗಿಟ್ಟ.

"ಶಿಕ್ಕಾ ನಿಮ್ಮ ಹತ್ರ ಇರ್ತದೇನು?" ಎಂದು ಕೇಳಿದೆ.

"ಆಕಿ ಅಡವ್ಯಾಗ ಕುರಿ ಹಿಂದ ಹೋಗ್ತಾಳ್ರಿ. ಬಿದ್ದಗಿದ್ದೀತು ಅಂತ ನಾ ಇಟಗೊಂಡೀನಿ. ನಾ ಕಸಗೊಂಡಿಲ್ರಿ, ಆಕಿನ ಕೊಟ್ಟಾಳ." ಮಾಯವ್ವ ಕುರಿಮರಿಯನ್ನು ಕೆಳಗೆ ಬಿಟ್ಟಳು.

ಊಟಕ್ಕೆ ಸಜ್ಜೆ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಕೆನೆಮೊಸರು. ನನ್ನ ಗುಣ ಕೆಟ್ಟದ್ದು, ರುಚಿ ಹತ್ತಿದರೆ ಲೆಕ್ಕ ತಪ್ಪುತ್ತದೆ. ಆ ಮಧ್ಯಾಹ್ನ ಪಾಠ ಆಗಲಿಲ್ಲ.

ಹದಿನಾಲ್ಕರ ಬೆಳಗ್ಗೆ ಎಂಟಕ್ಕೆ ಹಟ್ಟಿಯಲ್ಲೇ ತಾಲೀಮು ಶುರು ಮಾಡಿದೆವು. ಭಾಷಣ ಬರೆದವನು ಗುರುಪಾದ. ಸಾಹೇಬರು ಕೊಂಕಣದ ಕಡೆಯವರು, ಕನ್ನಡ ಬಾರದು, ಹಾಗಾಗಿ ಮರಾಠಿಯಲ್ಲಿ ಬರೆದಿದ್ದ. ಮಾಯವ್ವ ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ, ಹಾಗಾಗಿ ಆ ಮರಾಠಿಯನ್ನು ಕನ್ನಡ ಅಕ್ಷರದಲ್ಲಿ ಇಳಿಸಿದ್ದ. ಈ ಸೀಮೆಯಲ್ಲಿ ಇದೇನು ವಿಶೇಷವಲ್ಲ. ಸಂತೆಯ ಯಾದಿಯನ್ನೂ ಹೀಗೆಯೇ ಬರೆಯುತ್ತಾರೆ. ಭಾಷಣದಲ್ಲಿ ಎಲ್ಲವೂ ಇತ್ತು. ಚಂದ್ರನ ಮೇಲೆ ಇಳಿದದ್ದು, ಫೋನಿನಲ್ಲೇ ದುಡ್ಡು ಕೊಡುವುದು, ಊರೂರಿಗೆ ಬೆಳಕು ಬಂದದ್ದು, ಅಮೇರಿಕಾ ಚೀನಾ ರಷ್ಯಾಗಳು ನಮ್ಮನ್ನು ಬೆರಗಿನಿಂದ ನೋಡುತ್ತಿರುವುದು. ಆರ್ಥಿಕತೆಯಲ್ಲಿ ನಾವು ಎಷ್ಟನೆಯವರು ಎಂಬ ಕಡೆ ಮಾತ್ರ ಎರಡು ಸಲ ಹೊಡೆದು ಬರೆದಿದ್ದ. ಒಟ್ಟಿನಲ್ಲಿ ನನ್ನ ಶಿಷ್ಯನೇ ಸೈ.

ದನಿಯ ಚಿಂತೆ ಇರಲಿಲ್ಲ. ನಾನು ನೋಡುತ್ತಿದ್ದಂತೆಯೇ ಆಕೆ ದಿನ್ನೆಯಾಚೆಯ ಹಿಂಡಿಗೆ ಒಂದು ಕೂಗು ಹಾಕಿದಳು. ನೂರಾರು ಕುರಿ ಒಂದೇ ಸಲ ಕತ್ತು ತಿರುಗಿಸಿದವು. "ಇಷ್ಟು ದನಿ ಇದ್ದವರಿಗೆ ಮೈಕೇ ಬೇಡ" ಎಂದೆ.

"ಕುರಿಗೆ ಹೇಳೂದು ಬ್ಯಾರೆ ಅಕ್ಕಾರ. ಕುರಿ ನನ್ನ ಮಾರಿ ನೋಡಿ ನಗಂಗಿಲ್ಲ."

ಓದತೊಡಗಿದಳು. ಮೂರು ಸಾಲು ಚೆನ್ನಾಗಿ ಹೋಯಿತು. ನಾಲ್ಕನೆಯ ಸಾಲಿಗೆ ನಿಂತಳು. ಅಲ್ಲಿದ್ದದ್ದು, 'ಭಾರತ್ ಮಹಾಸತ್ತಾ ಹೋಣಾರ್.' ಭಾರತ ಮಹಾಶಕ್ತಿಯಾಗಲಿದೆ ಎಂದು ಅರ್ಥ. ಮರಾಠಿಯಲ್ಲಿ ಸತ್ತಾ ಎಂದರೆ ಅಧಿಕಾರ. ನಮ್ಮ ಕಡೆಯ ಕನ್ನಡದಲ್ಲಿ 'ಅವಾ ಸತ್ತಾ' ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕನ್ನಡ ಅಕ್ಷರದಲ್ಲಿ ಬರೆದದ್ದೇ ಎಡವಟ್ಟಾಗಿತ್ತು.

"ಭಾರತ... ಮಹಾ..." ಎಂದು ಚೀಟಿ ಮಡಚಿದಳು. "ಇದನ್ನ ನಾ ಅನ್ನಂಗಿಲ್ರಿ."

"ಅರ್ಥ ಬೇರೆ ಮಾಯವ್ವ. ಮರಾಠಿ ನಿಮಗೆ ಬರ್ತದಲ್ಲ?" ಎಂದೆ.

"ಬರ್ತೈತ್ರಿ. ಜತ್ತದ ಬಜಾರದಾಗ ದಲ್ಲಾಳಿ ಜೋಡಿ ಜಗಳಾ ಮಾಡೂವಷ್ಟು ಬರ್ತೈತಿ. ಸತ್ತಾ ಅಂದ್ರ ಅಧಿಕಾರ, ಗೊತ್ತೈತಿ. ಆದ್ರ ನನ್ನ ಬಾಯಿ ಕನ್ನಡದ್ದೈತ್ರಿ. ಹಬ್ಬದ ದಿನಾ, ಝೆಂಡಾದ ಕೆಳಗ ನಿಂತು, ದೇಶದ ಹೆಸರ ತಗೊಂಡು ಹಿಂದಿಂದ ಸತ್ತಾ ಅಂತ ಹೆಂಗ ಅನ್ನಲಿ? ಅಪಶಕುನ ಅಲ್ಲೇನ್ರಿ?"

ಗುರುಪಾದ 'ಮಹಾಶಕ್ತಿ' ಎಂದು ತಿದ್ದಿದ. ಆಕೆ ಓದಿದಳು, ಆದರೆ ಮನಸ್ಸಿನಲ್ಲಿ ಹಳೆಯ ಮಾತೇ ಕುಳಿತುಬಿಟ್ಟಿತ್ತು. ಆ ಸಾಲು ಬಂದಾಗೆಲ್ಲ ನಗು, ನಗುವಿನ ಹಿಂದೆ ತಡವರಿಕೆ. ನಾನು ಗದರಿದೆ. ಮುಷ್ಟಿ ಎಲ್ಲಿ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಎದ್ದು ನಿಂತು ಮಾಡಿ ತೋರಿಸಿದೆ. ಮಾಯವ್ವ ತಾನೂ ಮುಷ್ಟಿ ಎತ್ತಿದಳು. ಕುರಿಮರಿ ಬೆದರಿ ಓಡಿತು. ಹತ್ತು ಗಂಟೆಗೆ ಆಕೆ ಚೀಟಿಯನ್ನು ಬೀರಪ್ಪನ ಕೈಗಿಟ್ಟು, "ನೀವ ಓದ್ರಿ. ನನಗ ಇದು ಒಗ್ಗಂಗಿಲ್ಲ" ಎಂದು ಹಿಂಡಿನ ಹಿಂದೆ ಹೋಗಿಬಿಟ್ಟಳು.

ಬೀರಪ್ಪ ಚೀಟಿಯನ್ನು ಜೇಬಿಗಿಟ್ಟ. ಅವನ ಮುಖದಲ್ಲಿ ಸಂತೋಷವೇನೂ ಇರಲಿಲ್ಲ, ರೂಢಿ ಇತ್ತು ಅಷ್ಟೆ.

ನನಗೆ ಆ ದಿನ ನಾಚಿಕೆಯಾಯಿತು. ಕಡೆಯ ಅವಕಾಶ ಎಂದು ಕರೆಸಿದ್ದರು, ನಾನು ಬಂದು ಅದನ್ನೂ ಕೆಡಿಸಿದ್ದೆ. ಸಂಜೆ ನಾಲ್ಕಕ್ಕೆ ದಿನ್ನೆಯವರೆಗೆ ನಡೆದು ಹೋದೆ. ಮಾಯವ್ವ ಬಂಡೆಯ ಮೇಲೆ ಕುಳಿತು ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನನಗೂ ಒಂದು ಎಲೆ ಕೊಟ್ಟಳು.

"ನಾ ಗದರಬಾರದಾಗಿತ್ತು" ಎಂದೆ.

"ಅಯ್ಯ, ಅದಕ್ಕಲ್ರಿ. ಆ ಚೀಟ್ಯಾಗ ಚಂದ್ರ ಐತಿ, ಅಮೇರಿಕಾ ಐತಿ. ನಾ ಇಲ್ರಿ."

"ನೀವು ಇದ್ದರೆ ಏನು ಹೇಳ್ತಿದ್ರಿ?"

ಆಕೆ ಬಹಳ ಹೊತ್ತು ಅಗಿದಳು. ಕೆಳಗೆ ಹಳದಿ ದವಾಖಾನೆ ಕಾಣುತ್ತಿತ್ತು. "ಆ ಎರಡ ಕೂಸಿನ್ಯಾಗ ಒಂದು ನಮ್ಮ ನೆಗೆಣ್ಣಿದು, ಮೈದುನನ ಹೆಂಡ್ತೀದು. ಜೀಪಿನ್ಯಾಗ ನಾನ ಹಿಡದೀನಿ. ಕೂಸು ಉಳೀಲಿಲ್ಲ. ನಾಕ ವರ್ಷ ಇವರು ಝೆಂಡಾದ ಕೆಳಗ ಸಭಾಮಂಟಪ ಕೇಳಿದ್ರು, ಬಂತು. ದವಾಖಾನಿ ಬಾಗಲಾ ತಗೀರಿ ಅಂತ ಯಾರೂ ಕೇಳಲಿಲ್ಲ. ನಾ ಬಾಜೂಕ ಕುರ್ಚಿ ಮ್ಯಾಲ ಕುಂತಿದ್ನೆಲ್ರಿ." ಎದ್ದು ಸೆರಗು ಕೊಡವಿಕೊಂಡಳು. ಕಲಿಸುವ ಚಟ ಬಿಟ್ಟು ಸುಮ್ಮನೆ ಕೂತದ್ದು ನನ್ನ ಬಾಳಿನಲ್ಲಿ ಅಪರೂಪ.

ಹದಿನೈದರ ಬೆಳಗ್ಗೆ ಆಕಾಶ ತಿಳಿಯಾಗಿತ್ತು. ಎಂಟು ಗಂಟೆಗೆ ಝೆಂಡಾ ಏರಿತು. ಶಾಲೆಯ ಮಕ್ಕಳು ಹಾಡಿದರು, ಸಾಹೇಬರು ಮರಾಠಿಯಲ್ಲಿ ಚುಟುಕಾಗಿ, ಚೆನ್ನಾಗಿ ಮಾತಾಡಿದರು. ಅವರ ಬಾಯಲ್ಲೂ ಮಹಾಸತ್ತಾ ಬಂತು. ಹಿಂದಿನ ಸಾಲಿನ ಮುದುಕಿಯೊಬ್ಬಳು, "ಯಾರ ಸತ್ತಾರಬೇ?" ಎಂದು ಮೆಲ್ಲಗೆ ಕೇಳಿದಳು. ಪಕ್ಕದವಳು ಸುಮ್ಮನಿರು ಎಂದು ತಿವಿದಳು.

ಆಮೇಲೆ ಗುರುಪಾದ ಸರಪಂಚರ ಹೆಸರು ಕೂಗಿದ. ರೂಢಿಯಂತೆ ಬೀರಪ್ಪ ಎದ್ದ, ಜೇಬಿನಿಂದ ಚೀಟಿ ತೆಗೆದ. ಅವನು ಒಂದು ಹೆಜ್ಜೆ ಇಡುವಷ್ಟರಲ್ಲಿ ಮಾಯವ್ವ ಕುರ್ಚಿ ಬಿಟ್ಟು ಎದ್ದಿದ್ದಳು. ಗಂಡಸರ ಸಾಲಿನಲ್ಲಿ ಒಂದು ಸಣ್ಣ ಗುಜುಗುಜು. ಆಕೆ ಚೀಟಿ ಕೇಳಲಿಲ್ಲ. ಬೀರಪ್ಪ ಕೈಯಲ್ಲಿ ಚೀಟಿ ಹಿಡಿದುಕೊಂಡೇ ನಿಂತ, ಕೂಡಬೇಕೋ ಬೇಡವೋ ತಿಳಿಯದೆ.

ಮೈಕಿನ ಮುಂದೆ ನಿಂತು ಆಕೆ ಮರಾಠಿಯಲ್ಲಿ ನಮಸ್ಕಾರ ಹೇಳಿದಳು. ಮುಂದಿನದು ಬರಲಿಲ್ಲ. ಒಂದು ಕ್ಷಣ ಸಭಾಮಂಟಪದ ತಗಡಿನ ಮೇಲೆ ಗುಬ್ಬಿ ಓಡಾಡುವ ಸದ್ದು ಕೇಳಿಸಿತು. ಎಷ್ಟು ಸ್ಪರ್ಧೆಗಳಲ್ಲಿ ಎಷ್ಟು ಮಕ್ಕಳು ಹೀಗೆ ನಿಂತಿದ್ದರು, ಆಗೆಲ್ಲ ನಾನು ಬಹುಮಾನ ಹೋಯಿತೆಂದು ಹಳಹಳಿಸಿದ್ದೆ. ಆ ದಿನ ಬಹುಮಾನದ ನೆನಪೇ ಬರಲಿಲ್ಲ. ಮಾತಾಡವ್ವ, ಏನಾದರೂ ಮಾತಾಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮಾಯವ್ವ ಮೈಕನ್ನು ಪಕ್ಕಕ್ಕೆ ಸರಿಸಿದಳು. ದಿನ್ನೆಯ ದನಿಯಲ್ಲಿ, ಕನ್ನಡದಲ್ಲಿ ಶುರು ಮಾಡಿದಳು.

"ಸಾಹೇಬ್ರು ಸಿಟ್ಟಾಗಬ್ಯಾಡ್ರಿ. ಭಾರತ ಮಹಾಸತ್ತಾ ಆಗತೈತಿ ಅಂತ ಗುರುಜಿ ಬರದ ಕೊಟ್ಟಾರ. ನಮ್ಮ ಕನ್ನಡದಾಗ ಅದನ್ನ ಅನ್ನಾಕ ಬರಂಗಿಲ್ಲ. ದೇಶ ನೂರ್ಕಾಲ ಬದಕಬೇಕು, ಸತ್ತಾ ಅಂತ ನಾ ಅನ್ನಂಗಿಲ್ಲ."

ಹೆಂಗಸರ ಕಡೆ ಮೊದಲು ನಗು ಹುಟ್ಟಿತು, ಆಮೇಲೆ ಎಲ್ಲ ಕಡೆ. ಆಕೆ ತಡೆದಳು, ನಗು ಇಳಿಯುವವರೆಗೆ ಕಾದಳು. ಎಲ್ಲಿ ನಿಲ್ಲಿಸಬೇಕೆಂದು ನಾನು ಕಲಿಸಿದ್ದಲ್ಲ ಅದು.

"ಅಮೇರಿಕಾ, ಚೀನಾ ನಮ್ಮನ್ನ ನೋಡಾಕತ್ತಾವಂತ. ನೋಡ್ಲಿ ಬಿಡ್ರಿ. ಆದ್ರ ಅವು ನೋಡೂಮುಂದ ನಮ್ಮ ದವಾಖಾನಿ ಬಾಗಲಾ ತಗದಿರಲಿ. ಎರಡು ಕೂಸು ಜೀಪಿನ್ಯಾಗ ಹುಟ್ಟ್ಯಾವ. ಒಂದು ಉಳೀಲಿಲ್ಲ. ಇದನ್ನ ನಾ ಮದಲ ಹೇಳಬೇಕಾಗಿತ್ತು. ಹೇಳಲಿಲ್ಲ. ತಪ್ಪು ನಂದೂ ಐತಿ. ನಾಕ ವರ್ಷ ಸತ್ತಾ ನನ್ನ ಕೈಯಾಗ ಇತ್ತು, ಮಾತ ಸತ್ತಿತ್ತು."

ಈ ಸಲ ಯಾರೂ ನಗಲಿಲ್ಲ.

ಸಾಹೇಬರು ಮುಂದಕ್ಕೆ ಬಾಗಿ ಗುರುಪಾದನನ್ನು ಕೇಳಿದರು, "ಕಾಯ್ ಮ್ಹಣಾಲ್ಯಾ ಬಾಯಿ?" ಬಾಯಿ ಏನಂದರು ಎಂದು. ಗುರುಪಾದ ದವಾಖಾನೆಯ ಬೀಗ, ಜೀಪು, ಕೂಸು ಎಲ್ಲವನ್ನೂ ಮರಾಠಿಗೆ ದಾಟಿಸಿದ. ಕಡೆಯ ಸಾಲಿಗೆ ಬಂದು ನಿಂತ. ಸತ್ತಾ ಎಂಬುದನ್ನು ಮರಾಠಿಯಲ್ಲಿ ಹೇಳಬಹುದು, ಸತ್ತಿತ್ತು ಎಂಬುದನ್ನೂ ಹೇಳಬಹುದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಆ ಭಾಷೆಯಲ್ಲಿ ದಾರಿಯಿಲ್ಲ. ಅವನು ನನ್ನ ಕಡೆ ನೋಡಿದ. ನನಗೆ ಮರಾಠಿ ಕೇಳಿದರೆ ತಿಳಿಯುತ್ತದೆ, ಆಡಲು ಮಾತ್ರ ಚಹಾ ಕೇಳುವಷ್ಟೇ ಬರುತ್ತದೆ.

ಆಗ, ಇನ್ನೂ ನಿಂತೇ ಇದ್ದ ಬೀರಪ್ಪ ಗಂಟಲು ಸರಿಪಡಿಸಿಕೊಂಡ. ಕೈಯಲ್ಲಿದ್ದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದ. ನೆಲ ನೋಡುತ್ತ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ.

"ಸಾಹೇಬ್, ತೀ ಮ್ಹಣತೇ, ಚಾರ್ ವರ್ಷಂ ಸತ್ತಾ ತಿಚ್ಯಾ ಹಾತಾತ್ ಹೋತೀ. ಬೋಲಣಂ ಮಾತ್ರ ಮಾಝ್ಯಾ ತೋಂಡಾತ್ ಹೋತಂ."

ನಾಲ್ಕು ವರ್ಷ ಅಧಿಕಾರ ಅವಳ ಕೈಯಲ್ಲಿತ್ತು, ಮಾತು ಮಾತ್ರ ನನ್ನ ಬಾಯಲ್ಲಿತ್ತು.

ಆಕೆ ಹಾಗೆ ಅಂದಿರಲಿಲ್ಲ. ಗಂಡನ ಹೆಸರನ್ನೇ ಎತ್ತಿರಲಿಲ್ಲ. ಅಷ್ಟನ್ನು ಸೇರಿಸಿದವನು ಅವನೇ. ಮಾಯವ್ವ ಥಟ್ಟನೆ ಅವನ ಕಡೆ ತಿರುಗಿದಳು. ಅವನು ತಲೆ ಎತ್ತಲಿಲ್ಲ.

ಸಾಹೇಬರು, ಸರಪಂಚರ ಸಹಿ, ಶಿಕ್ಕಾ ಹಾಕಿದ ಅರ್ಜಿ ಈಗಲೇ ಕೊಡಿ, ನಾನೇ ಒಯ್ಯುತ್ತೇನೆ ಎಂದರು. ಗುರುಪಾದ ಅಲ್ಲೇ ಕುಳಿತು ಬರೆದ. ಮಾಯವ್ವ ಸಹಿ ಹಾಕಿದಳು. ಶಿಕ್ಕಾ ಎಂದಾಗ ಊರಿನ ಕಣ್ಣೆಲ್ಲ ಒಂದು ಜೇಬಿನ ಮೇಲೆ ಬಿತ್ತು. ಬೀರಪ್ಪ ಅದನ್ನು ತೆಗೆದ, ರೂಢಿಯಂತೆ ಬಾಯಿಯ ಹತ್ತಿರ ಒಯ್ದ, ಉಸಿರೂದಲಿಲ್ಲ. ಹೆಂಡತಿಯ ಮುಂದೆ ಹಿಡಿದ. ಆಕೆ ತಾನೇ ಊದಿ, ಠಪ್ಪೆಂದು ಒತ್ತಿದಳು. ತುಸು ಸೊಟ್ಟಗೆ ಬಿತ್ತು. ಆಮೇಲೆ ಚಂಚಿ ಬಿಚ್ಚಿ, ಎಲೆ ಅಡಿಕೆಯ ನಡುವೆ ಅದನ್ನಿಟ್ಟು ದಾರ ಎಳೆದಳು.

ಮಧ್ಯಾಹ್ನ ಎರಡರ ಬಸ್ಸಿಗೆ ಸೋನ್ಯಾಳದವರೆಗೆ ನನ್ನನ್ನು ಬಿಡಲು ಬಂದವನು ಬೀರಪ್ಪ. ಹೊರಡುವಾಗ ನೋಡಿದೆ, ದವಾಖಾನೆಯ ಬೀಗ ಹಾಗೆಯೇ ಇತ್ತು. ಒಂದು ಅರ್ಜಿಗೆ ಒಂದೇ ದಿನದಲ್ಲಿ ಬೀಗ ಬಿಚ್ಚುವ ದೇಶ ನಮ್ಮದಲ್ಲ ಎಂದು ನನಗೂ ಗೊತ್ತು, ಮಾಯವ್ವನಿಗೂ ಗೊತ್ತು. ಆಕೆ, "ಮುಂದಿನ ವಾರ ನಾನ ಜತ್ತಕ್ಕ ಹೋಗಿ ಕೇಳತೀನ್ರಿ. ಬಸ್ಸಿಗೆ ಅರ್ಧಾ ತಿಕೀಟ ಐತೆಲ್ಲ" ಎಂದಿದ್ದಳು.

ಬೀರಪ್ಪ ಬಸ್ಸು ಕಂಡಾಗ ಕೇಳಿದ, "ಅಕ್ಕಾರ, ನೀವು ಸಾಲಿ ಕಲಿಸಿದವರು. ನಾ ಮರಾಠ್ಯಾಗ ಹೇಳಿದ್ದು ತಪ್ಪಾತೇನ್ರಿ?"

"ಒಂದಕ್ಷರ ತಪ್ಪಿಲ್ಲ ಬೀರಪ್ಪ."

"ಊರ ಹೆಸರ ಮಾತ್ರ ಬರೀಬ್ಯಾಡ್ರಿ. ಬೀಗರು ಓದ್ತಾರ."

ಬಸ್ಸು ಹತ್ತಿ ಕಿಟಕಿಯ ಬಳಿ ಕುಳಿತು ಹಿಂದಿರುಗಿ ನೋಡಿದೆ. ಒಬ್ಬಾತ ಕಾಗದವೊಂದನ್ನು ಹಿಡಿದು ಬೀರಪ್ಪನ ಹತ್ತಿರ ಓಡಿ ಬಂದ. ಬೀರಪ್ಪನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು, ತಳದ ಆ ನೇರಳೆ ಕಲೆಯನ್ನು ಒಂದು ಸಲ ತಡವಿತು. ಆಮೇಲೆ ಅವನು ನಕ್ಕು, ಊರಿನ ದಾರಿಯ ಕಡೆ, ಹೆಂಡತಿಯಿದ್ದ ಕಡೆ ಕೈ ತೋರಿಸಿದ.